ಕಾಯುವ ಗೂಟ

ನಮ್ಮ ಮಾವನವರ ಕೈಗೆ ಒಂಬತ್ತೂವರೆ ಬೆರಳು. ಉಳಿದ ಅರ್ಧವನ್ನು ಅವರೇ ಮಾಡಿದ ಮೊದಲ ಕಪಲಿ ತಿಂದುಹಾಕಿತ್ತು. ನಾನು ಯಲಬುರ್ಗಾಕ್ಕೆ ಸೊಸೆಯಾಗಿ ಬಂದಾಗ ಆ ಗಾಯ ಮಾಯ್ದು ವರ್ಷವಾಗಿತ್ತು. ಊಟಕ್ಕೆ ಬಡಿಸುವಾಗ ನನ್ನ ಕಣ್ಣು ಬೇಡವೆಂದರೂ ಆ ಮೋಟು ಬೆರಳಿಗೇ ಹೋಗುತ್ತಿತ್ತು. "ಹಂಗ ನೋಡಬ್ಯಾಡವಾ, ಅದರ ಬೆಲಿ ಇನ್ನೂ ವಸೂಲಾಗಿಲ್ಲ" ಎಂದು ಒಂದು ದಿನ ಅಂದರು. ಹಾಸ್ಯವೆಂದುಕೊಂಡು ನಾನು ಸೆರಗಿನಲ್ಲಿ ನಕ್ಕೆ. ಅವರು ನಗಲಿಲ್ಲ.

ಕಪಲಿ ಎಂದರೆ ಈಗಿನವರಿಗೆ ಬಿಡಿಸಿ ಹೇಳಬೇಕು. ಬಾವಿಯ ದಂಡೆಯ ಮೇಲೆ ಒಂದು ಗಾಲಿ, ಗಾಲಿಯ ಮೇಲೆ ಹಗ್ಗ, ಹಗ್ಗದ ಒಂದು ತುದಿಗೆ ತೊಗಲಿನ ದೊಡ್ಡ ಚೀಲ, ಇನ್ನೊಂದು ತುದಿಗೆ ಜೋಡೆತ್ತು. ಎತ್ತು ಇಳಿಜಾರಿನಲ್ಲಿ ಮುಂದೆ ನಡೆದರೆ ನೀರು ತುಂಬಿದ ಚೀಲ ಮೇಲೆ ಬರುತ್ತದೆ. ದಂಡೆಯ ಮೇಲೆ ನಿಂತವನು ಅದನ್ನು ತನ್ನ ಕಡೆ ಎಳೆದು ಕಾಲುವೆಗೆ ಸುರಿಯುತ್ತಾನೆ. ಜೋಡೆತ್ತು ಇದ್ದವನಿಗೆ ಬಾವಿ ಇದ್ದದ್ದಕ್ಕೂ ಸಾರ್ಥಕ. ಒಂದೇ ಎತ್ತು ಇದ್ದವನು ತನ್ನದೇ ಬಾವಿಯನ್ನು ಬಗ್ಗಿ ನೋಡಿ ಮನೆಗೆ ಬರಬೇಕು, ಇಲ್ಲವೇ ಪಕ್ಕದವನ ಎತ್ತಿಗೆ ಹಲ್ಲು ಗಿಂಜಬೇಕು. ಮಾವ ಮಾಡಿದ್ದು ಇಷ್ಟೇ. ಒಂದು ಗಾಲಿಯ ಜಾಗದಲ್ಲಿ ಒಂದೇ ಅಚ್ಚಿಗೆ ಎರಡು ಗಾಲಿ ಕೂಡಿಸಿದರು, ದೊಡ್ಡದೊಂದು, ಅದರ ಮಗ್ಗುಲಿಗೆ ಸಣ್ಣದೊಂದು. ಎತ್ತಿನ ಹಗ್ಗ ದೊಡ್ಡದಕ್ಕೆ, ನೀರಿನ ಹಗ್ಗ ಸಣ್ಣದಕ್ಕೆ. ಎತ್ತು ಎರಡರಷ್ಟು ದಾರಿ ನಡೆಯಬೇಕು, ಆದರೆ ಅರ್ಧ ಭಾರ ಎಳೆದರೆ ಸಾಕು. ಒಂಟೆತ್ತಿನ ಕಪಲಿ ಎಂದು ಅದಕ್ಕೆ ಹೆಸರು ಬಿತ್ತು. ಕೇಳಿದವರು ಮೊದಲು ನಕ್ಕರು, ನೋಡಿದವರು ಸುಮ್ಮನಾದರು.

ಅದರ ಪ್ರಾಣವೆಲ್ಲ ಆ ಎರಡು ಗಾಲಿಗಳ ಕೂಡಿಕೆಯಲ್ಲಿತ್ತು. ಅವು ಒಂದನ್ನೊಂದು ಬಿಟ್ಟವೋ, ತುಂಬಿದ ಚೀಲ ಬಾವಿಗೆ ಬೀಳುತ್ತದೆ, ಸಣ್ಣ ಗಾಲಿ ಗಿರ್ರನೆ ಹಿಂದಕ್ಕೆ ತಿರುಗುತ್ತದೆ, ಚೀಲ ಎಳೆದುಕೊಳ್ಳಲು ದಂಡೆಯ ಮೇಲೆ ನಿಂತವನನ್ನು ಹಗ್ಗ ಸುತ್ತಿಕೊಂಡು ಒಳಗೆ ಒಯ್ಯುತ್ತದೆ. ಮೊದಲನೆಯ ಕಪಲಿ ಹಾಗೆಯೇ ಬಿಟ್ಟಿತ್ತು. ಮಾವ ಬೆರಳು ಕೊಟ್ಟು ಜೀವ ಉಳಿಸಿಕೊಂಡಿದ್ದರು.

ಆಮೇಲೆ ಗಾಲಿಗಳನ್ನು ಹಿಡಿದಿಟ್ಟದ್ದು ಯಾವುದು ಎಂದು ಯಾರಾದರೂ ಕೇಳಿದರೆ ಅವರು ಹೊರಗೆ ಕಾಣುವ ಒಂದು ಗೂಟ ತೋರಿಸುತ್ತಿದ್ದರು. ಹೆಬ್ಬೆರಳ ದಪ್ಪದ ಗೂಟ, ತಲೆಗೆ ತಾವರೆಯ ಎಸಳು ಕೆತ್ತಿದ್ದು, ಸುತ್ತ ಹಿತ್ತಾಳೆಯ ಉಂಗುರ. "ಇದು ಕಾಯೂ ಗೂಟ. ದಿನಾ ಮುಂಜಾನಿ ಎತ್ತು ಹೂಡೂಕಿಂತ ಮೊದಲ ಕೊಡತಿಲೆ ಮೂರು ಏಟು ಹಾಕ್ರಿ. ಮರತ್ರ ನನ್ನ ಕೇಳಬ್ಯಾಡ್ರಿ" ಎಂದು ಕೊಳ್ಳಲು ಬಂದವರಿಗೆಲ್ಲ ಒತ್ತಿ ಒತ್ತಿ ಹೇಳುತ್ತಿದ್ದರು. ಮನೆಯೊಳಗೆ ಅದರ ಹೆಸರು ಬೇರೆ: ಕಳ್ಳಗೂಟ. ಅದು ಏನನ್ನೂ ಕಾಯುತ್ತಿರಲಿಲ್ಲ. ಕಿತ್ತು ಒಲೆಗೆ ಹಾಕಿದರೂ ಗಾಲಿಗೆ ಗೊತ್ತಾಗುತ್ತಿರಲಿಲ್ಲ. ನಕಲು ಮಾಡುವ ಬಡಿಗ ಯಾರಾದರೂ ಬಂದರೆ ಅವನ ಕಣ್ಣು ಅಲ್ಲೇ ಸಿಕ್ಕಿಕೊಳ್ಳಲಿ ಎಂದು ಇಟ್ಟದ್ದು.

ನಿಜವಾಗಿ ಹಿಡಿದದ್ದು ಒಳಗಿನ ಬೆಣೆ. ಎರಡೂ ಗಾಲಿಗಳ ನಡುವಿನ ದಪ್ಪ ಕಟ್ಟಿಗೆಗೆ ಅಡ್ಡವಾಗಿ ತೂತು ಕೊರೆದು, ಕರಿಜಾಲಿಯ ಬೆಣೆ ಬಡಿದು, ಮೇಲೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕಿದರೆ ಮುಗಿಯಿತು. ಅಲ್ಲೊಂದು ತೂತು ಇದೆ ಎಂಬುದೇ ಹೊರಗಿನವರಿಗೆ ಕಾಣದು. ಆ ಬೆಣೆ ಒಣಗಿ ಸೊರಗಬಾರದೆಂದು ತಿಂಗಳೊಪ್ಪತ್ತು ಔಡಲ ಎಣ್ಣೆಯಲ್ಲಿ ನೆನೆಯಬೇಕು, ದಿನಕ್ಕೊಮ್ಮೆ ಎಣ್ಣೆ ಉಗುರುಬೆಚ್ಚಗೆ ಕಾಯಬೇಕು. ಈ ಕೆಲಸ ಅಂಗಳದ ಚಪ್ಪರದಲ್ಲಿ ಆಗುತ್ತಿರಲಿಲ್ಲ, ಅಡುಗೆಮನೆಯಲ್ಲಿ ಆಗುತ್ತಿತ್ತು. ಬಡಿಗೇರರ ಮನೆಗೆ ಕೆಲಸಕ್ಕೆ ಬಂದವರು ಅಡುಗೆಮನೆಗೆ ಬರುವುದಿಲ್ಲವಲ್ಲ. ಅತ್ತೆ ಇರುವ ತನಕ ಅವರು ನೋಡಿಕೊಂಡರಂತೆ. ಅವರು ತೀರಿಕೊಂಡ ಮೇಲೆ ಎಣ್ಣೆಯ ಗಡಿಗೆ ನನ್ನ ಪಾಲಿಗೆ ಬಂತು. ಮಾವನಿಗೆ ಅದಕ್ಕೆ ಮನಸ್ಸಿರಲಿಲ್ಲ. "ನೀ ಹೊರಗಿನಿಂದ ಬಂದಾಕಿ. ಆದ್ರ ಎಣ್ಣಿ ಕಾಸೂದು ಗಂಡಸರ ಕೈಲೆ ಆಗಂಗಿಲ್ಲ" ಎಂದು, ನನ್ನ ಬಲಗೈಯನ್ನು ಉಳಿಯ ಮೇಲೆ ಇಡಿಸಿ ಆಣೆ ಹಾಕಿಸಿಕೊಂಡರು. ತವರಿಗೂ ಹೇಳಬಾರದು, ಹೊಟ್ಟೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೂ ಹೇಳಬಾರದು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೂ ಆಣೆ ಹಾಕಿದೆ, ಹಾಕುವಾಗ ಹೆಮ್ಮೆಯೂ ಆಯಿತು. ಆ ಮನೆಯಲ್ಲಿ ನನ್ನನ್ನು ನಂಬಿದ್ದು ಅದೇ ಮೊದಲು.

ಮುಚ್ಚಿಡುವುದೇ ಮಾವನ ಮೊದಲ ಯೋಚನೆಯಾಗಿರಲಿಲ್ಲ, ಅದನ್ನು ನ್ಯಾಯವಾಗಿ ಹೇಳಬೇಕು. ಹೊಸ ಯಂತ್ರ ಮಾಡಿದವನಿಗೆ ಸರ್ಕಾರ ಹಕ್ಕು ಬರೆದುಕೊಡುತ್ತದೆ, ಆ ಕಾಗದ ಕೈಯಲ್ಲಿದ್ದರೆ ಬೇರೆ ಯಾರೂ ಅದನ್ನು ಮಾಡುವಂತಿಲ್ಲ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ನನ್ನ ಗಂಡನನ್ನು ಕರೆದುಕೊಂಡು ಕೊಪ್ಪಳದ ಒಬ್ಬ ವಕೀಲರ ಹತ್ತಿರ ಹೋದರು. ಆಗ ನಮ್ಮದು ನಿಜಾಮರ ರಾಜ್ಯ, ಕಚೇರಿಯ ಮಾತೆಲ್ಲ ಉರ್ದು. ವಕೀಲರು ಮುಸಲ್ಮಾನರು, ಮೂರು ತಲೆಮಾರಿನಿಂದ ಕೊಪ್ಪಳದವರು, ನಮ್ಮ ಹಾಗೆಯೇ ಮಾತಾಡುವವರು. ಕಾಯ್ದೆಯ ವಿಷಯ ಬಂದಾಗ ಮಾತ್ರ ಉರ್ದುವಿಗೆ ಜಾರುತ್ತಿದ್ದರು. ಅಲ್ಲಿ ನಡೆದದ್ದನ್ನು ನನ್ನ ಗಂಡ ಎಷ್ಟೋ ಸಲ ಹೇಳಿ ನಗಿಸಿದ್ದಾರೆ.

"ಹಕ್ಕು ಸಿಗತೈತ್ರಿ ಬಡಿಗೇರ. ಆದ್ರ ಪೈಲೆ ನೀವು ಪೂರಾ ಖುಲಾಸಾ ಕೊಡಬೇಕು" ಎಂದರಂತೆ ವಕೀಲರು.

ಮಾವನ ಮುಖ ಕೆಂಪಗಾಯಿತಂತೆ. ಅವರಿಗೆ ಗೊತ್ತಿದ್ದ ಖುಲಾಸೆ ಒಂದೇ, ಕಳವಿನ ಆರೋಪ ಹೊತ್ತವನು ಕೋರ್ಟಿನಿಂದ ಬಿಡುಗಡೆಯಾಗಿ ಬರುವುದು. "ಖುಲಾಸೆ ಯಾಕ್ರೀ ಸಾಹೇಬ್ರ? ನಾ ಏನ್ ಕಳವು ಮಾಡೇನಿ? ಇದು ನನ್ನ ಬೆರಳು ಕೊಟ್ಟು ಮಾಡಿದ್ದೈತಿ!" ಎಂದು ಕೈ ಎತ್ತಿ ತೋರಿಸಿದರಂತೆ.

ವಕೀಲರು ನಕ್ಕು ಸುಸ್ತಾಗಿ, ಆಮೇಲೆ ತಿಳಿಸಿ ಹೇಳಿದರು. "ಅದಲ್ರೀಯಪಾ. ಖುಲಾಸಾ ಅಂದ್ರ ಬಿಚ್ಚಿ ಹೇಳೂದು. ಚಿತ್ರ ತಗದು, ಯಾವ ಗೂಟ ಎಲ್ಲೈತಿ, ಯಾವ ಕಟಗಿ ಹೆಂಗೈತಿ, ಒಂದೂ ಬಿಡದಂಗ ಬರದು ಹೈದರಾಬಾದಿಗೆ ಕಳಸೂದು. ಅಲ್ಲೆ ಯಾರು ಬಂದು ಕೇಳಿದ್ರೂ ಅದನ್ನ ತೋರಸ್ತಾರ. ಮುದ್ದತ್ತು ಮುಗಿಯೂ ತನಕ ಮಾಡೂ ಹಕ್ಕು ನಿಮಗೊಬ್ಬರಿಗೆ. ಮುಗದ ಮ್ಯಾಲೆ ಎಲ್ಲಾರದೂ."

"ಗದಗಿನಾಗ ಒಬ್ಬಾವ ಮಾಡಿದ್ರ?"

"ಗದಗ ಇಂಗ್ರೇಜಿ ಮುಲುಕು. ನಮ್ಮ ಹಕ್ಕು ಗಡಿ ದಾಟಂಗಿಲ್ಲ. ಅಲ್ಲೆ ಬ್ಯಾರೆ ಅರ್ಜಿ, ಬ್ಯಾರೆ ಫೀಸು."

ಯಲಬುರ್ಗಾದಿಂದ ಆ ಗಡಿಗೆ ಒಂದು ದಿನದ ಬಂಡಿ ದಾರಿಯೂ ಇರಲಿಲ್ಲ. ಮಾವ ಎದ್ದು ಕೈಮುಗಿದು ಬಂದರಂತೆ. ದಾರಿಯುದ್ದಕ್ಕೂ ಒಂದೇ ಮಾತು: "ಕಳ್ಳರ ಕೈಯಾಗ ಕೀಲಿ ಕೊಟ್ಟು, ಈಗ ಕಾವಲಿ ಇರ್ರಿ ಅಂತ ಪೊಲೀಸರಿಗೆ ಹೇಳೂದೇನು?" ಆ ಮಾತು ಕೇಳಿ ನಾನೂ ಹೌದೆಂದೆ. ಈಗ ಅನ್ನುವುದಿಲ್ಲ. ಬರೆದುಕೊಟ್ಟಿದ್ದರೆ ಕದಿಯುವವನು ಬೆಣೆಯನ್ನೂ ಸೇರಿಸಿ ಕದಿಯುತ್ತಿದ್ದ. ನಮಗೆ ನಷ್ಟವಾಗುತ್ತಿತ್ತು, ಅಷ್ಟೇ.

ಮಹಾಯುದ್ಧ ಶುರುವಾದ ಮೇಲೆ ಕಬ್ಬಿಣ ಕಣ್ಣಿಗೆ ಬೀಳದಾಯಿತು. ಪಟ್ಟಿ ಇಲ್ಲದೆ ಮಾವ ಒಂದು ಕಪಲಿಯನ್ನೂ ಅಂಗಳ ದಾಟಿಸುತ್ತಿರಲಿಲ್ಲ. ಮುರಿದ ಬಂಡಿಗಳ ಪಟ್ಟಿ ಹುಡುಕಿ ತಂದು, ಬಡಿದು ಸರಿಮಾಡಿ, ಒಂದು ಮುಗಿದ ಮೇಲೆ ಇನ್ನೊಂದು. ಕೇಳಿದವರಿಗೆಲ್ಲ ಸರದಿ. ಇರಕಲ್ಲಗಡದಲ್ಲಿದ್ದ ನನ್ನ ಅಣ್ಣನೂ ಒಂದು ಬೇಕೆಂದು ಹೇಳಿಕಳಿಸಿದ್ದ. ನಮ್ಮ ತವರಿನವರೂ ಬಡಿಗೇರರೇ, ಆದರೆ ಅಜ್ಜನ ಕಾಲಕ್ಕೇ ಉಳಿ ಬಿಟ್ಟು ತೋಟ ಹಿಡಿದವರು. ಅಣ್ಣನ ಕೊಟ್ಟಿಗೆಯಲ್ಲಿ ಉಳಿದದ್ದು ಒಂದೇ ಎತ್ತು. "ಬೀಗರಾದ್ರೇನಾತು, ಸರದಿ ಅಂದ್ರ ಸರದೀನ" ಎಂದರು ಮಾವ. ನಾನು ಎರಡು ದಿನ ಅವರಿಗೆ ಮುಖ ಗಂಟಿಕ್ಕಿಕೊಂಡೇ ರೊಟ್ಟಿ ಬಡಿಸಿದೆ. ಅವರು ಎರಡು ದಿನ ಒಂದೊಂದು ರೊಟ್ಟಿ ಹೆಚ್ಚೇ ತಿಂದರು.

ಒಂದು ಮಧ್ಯಾಹ್ನ ನನ್ನ ಗಂಡ ಕೊಪ್ಪಳದ ಸಂತೆಯಿಂದ ಬಂದವರು ಇನ್ನೂ ಕಾಲು ತೊಳೆಯದೆ ಸುದ್ದಿ ಹೇಳಿದರು. ಕೊಪ್ಪಳದ ಒಬ್ಬ ಬಡಿಗ ಒಂಟೆತ್ತಿನ ಕಪಲಿ ಮಾಡಿ ಮಾರುತ್ತಿದ್ದ. ನಾನು ಬಾಗಿಲ ಮರೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಮಾವ ಮರ ಕೆತ್ತುತ್ತಿದ್ದ ಬಾಚಿ ಕೆಳಗಿಟ್ಟರು.

"ಗೂಟ ಹಚ್ಚ್ಯಾನನು?"

"ಹಚ್ಚ್ಯಾನ. ತಾವರಿ ಎಸಳು ನಮ್ಮದಕ್ಕಿಂತ ಛಲೋ ಕೆತ್ತ್ಯಾನ. ದಿನಾ ಮೂರು ಏಟು ಹಾಕಬೇಕು ಅಂತ ಅಂವನೂ ಹೇಳಿ ಕೊಡ್ತಾನಂತ."

"ಪಟ್ಟಿ?"

"ಪಟ್ಟಿ ಎಲ್ಲಿಂದ ತರ್ತಾನ? ಬರೇ ಮೊಳಿ ಹೊಡದಾನ."

ಮಾವ ನಕ್ಕರು. ನಾನು ಆ ಮನೆಗೆ ಬಂದ ಮೇಲೆ ಅವರು ಬಾಯಿ ತೆರೆದು ನಕ್ಕದ್ದನ್ನು ಕೇಳಿದ್ದು ಅದೊಂದೇ ಸಲ. "ಹಂಗಾರ ಬಿಡು. ಮೊಳಿ ಒಂದು ಮಳಿಗಾಲ ತಡೀತಾವ. ಶಿವರಾತ್ರಿ ಮುಗದು ಬಿಸಲು ಏರಿತಂದ್ರ ಕಟಗಿ ಸೊರಗತೈತಿ, ಮೊಳಿ ಸಡ್ಲಾಗ್ತಾವ. ಒಂದು ಬೀಳ್ಲಿ. ಆಮ್ಯಾಲೆ ಎಲ್ಲಾರೂ ತಾವ ನಮ್ಮ ಬಾಗಲಿಗೆ ಬರ್ತಾರ."

"ಬೀಳೂ ಹೊತ್ತಿನ್ಯಾಗ ಮಗ್ಗಲಕ್ಕ ಮನಶಾ ಇರ್ತಾನಲ್ಲಪಾ" ಎಂದರು ನನ್ನ ಗಂಡ.

ಮಾವ ಬಾಚಿ ತೆಗೆದುಕೊಂಡು ಕೆಲಸಕ್ಕೆ ಕೂತರು. ನನ್ನ ಗಂಡ ಕಾಲು ತೊಳೆಯಲು ಹಿತ್ತಲಿಗೆ ಹೋದರು. ನನ್ನ ಮೊರದಲ್ಲಿ ಕಲ್ಲು ಯಾವುದು, ಜೋಳ ಯಾವುದು ಎಂದು ಕಾಣದಾಯಿತು.

ಆ ಶ್ರಾವಣದಲ್ಲಿ ಪಂಚಮಿಗೆ ಅಣ್ಣ ಒಂಟೆತ್ತಿನ ಬಂಡಿ ಕಟ್ಟಿಕೊಂಡು ಬಂದು ಕರೆದೊಯ್ದ. ತವರಿಗೆ ಹೋದ ಹೆಣ್ಣಿಗೆ ಮೊದಲ ದಿನ ಉಂಡಿ, ಜೋಕಾಲಿ, ಮಾತು. ಎರಡನೆಯ ದಿನ ಮುಂಜಾನೆ ತಲೆ ಬಾಚಿಕೊಳ್ಳುತ್ತಾ ಕೂತಿದ್ದೆ. ತೋಟದ ಕಡೆಯಿಂದ ಕಟ್ಟಿಗೆಗೆ ಕಟ್ಟಿಗೆ ಬಡಿದ ಸದ್ದು ಕೇಳಿಸಿತು. ಮೂರೇ ಏಟು, ಆಮೇಲೆ ಇಲ್ಲ. ನಾನು ಹೆಣಲು ಅರ್ಧಕ್ಕೇ ಬಿಟ್ಟು ಓಡಿದೆ.

ಬಾವಿಯ ದಂಡೆಯ ಮೇಲೆ ಅತ್ತಿಗೆ ಕೊಡತಿ ಹಿಡಿದು ನಿಂತಿದ್ದಳು. ಗೂಟಕ್ಕೆ ಕುಂಕುಮ ಹಚ್ಚಿದ್ದಳು, ಒಂದು ಚೆಂಡುಹೂವನ್ನೂ ಸಿಕ್ಕಿಸಿದ್ದಳು. ಮನೆಯ ಹೆಣ್ಣುಮಗಳೇ ಬಡಿಯಬೇಕು, ಅದೂ ಸ್ನಾನ ಮಾಡಿ ಬಡಿಯಬೇಕು ಎಂದು ಊರಲ್ಲಿ ಆಗಲೇ ರೂಢಿಯಾಗಿಬಿಟ್ಟಿತ್ತಂತೆ. ನನಗೆ ತಡೆಯಲಾರದಷ್ಟು ನಗು ಬಂತು. ಮಾವನ ಸುಳ್ಳಿಗೆ ಜನ ಕುಂಕುಮ ಇಟ್ಟಿದ್ದರು. ನಗುತ್ತಾ ಬಗ್ಗಿ ಗಾಲಿಯ ನಡುವೆ ನೋಡಿದೆ. ಪಟ್ಟಿ ಇರಲಿಲ್ಲ. ಬರಿಯ ಕಟ್ಟಿಗೆ, ಅದರಲ್ಲಿ ಸಾಲಾಗಿ ಮೊಳೆಯ ತಲೆಗಳು. ಅಲ್ಲಿಗೆ ನನ್ನ ನಗು ನಿಂತಿತು.

"ನಿಮ್ಮ ಮಾವನ ಸರದಿ ಕಾಯ್ಕೋತ ಕುಂತಿದ್ರ ನನ್ನ ಮೆಣಸಿನ ಗಿಡ ಒಣಗಿ ಹೊಕ್ಕಿದ್ವು" ಎಂದ ಅಣ್ಣ, ಎತ್ತು ಹಿಡಿದು ಬರುತ್ತಾ. "ಸಿಟ್ಟಾಗಬ್ಯಾಡ ತಂಗೀ, ಅವರ ಮುಂದ ಹೇಳಬ್ಯಾಡ. ಇದೂ ಅಂಥಾದ್ದ ಐತಿ ನೋಡು. ಗೂಟ ಸೈತ ಹಂಗ ಐತಿ."

"ಇಂಥಾವು ಇನ್ನೂ ಯಾರ ಕಡೆ ಅದಾವ?"

"ನಮ್ಮೂರಾಗ ಇನ್ನ ಮೂರು. ಕುಷ್ಟಗಿ ಕಡೆ ಭಾಳ ಹೋಗ್ಯಾವಂತ."

ಇನ್ನೂ ಮೂರು ದಿನ ತವರಿನಲ್ಲಿದ್ದೆ. ಬಿಸಿಲಿಗೆ ಇನ್ನೂ ತಿಂಗಳುಗಟ್ಟಲೆ ಸಮಯವಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಚೀಲ ಮೇಲೆ ಬಂದಾಗಲೆಲ್ಲ, ಅಣ್ಣ ಅದನ್ನು ಎಳೆಯಲು ಬಾವಿಯ ಮೇಲೆ ಬಾಗಿದಾಗಲೆಲ್ಲ, ನನ್ನ ಕೈ ತಾನೇ ಅವನ ಧೋತರದ ಕಡೆ ಹೋಗುತ್ತಿತ್ತು. ಹೇಳಿಬಿಡಲೇ ಎಂದು ಬಾಯಿಯ ತನಕ ಬಂದದ್ದು ಎಷ್ಟು ಸಲವೋ. ಉಳಿಯ ಮೇಲಿನ ಆಣೆ ನೆನಪಾಗುತ್ತಿತ್ತು. ಬಡಿಗೇರರ ಮನೆಯಲ್ಲಿ ಹುಟ್ಟಿ ಬಡಿಗೇರರ ಮನೆ ಸೇರಿದವಳಿಗೆ ಅದು ದೇವರ ಆಣೆಗಿಂತ ಹೆಚ್ಚು. "ಯಾಕ ಹಿಂಗ ದೆವ್ವ ಬಡದಾಕಿ ಹಂಗ ಮಾಡ್ತಿ?" ಎಂದಳು ಅತ್ತಿಗೆ. ತಲೆನೋವು ಎಂದೆ.

ಅಣ್ಣನೇ ಬಂಡಿಯಲ್ಲಿ ನನ್ನನ್ನು ಯಲಬುರ್ಗಾಕ್ಕೆ ತಂದುಬಿಟ್ಟ. ಅವನು ಹಿತ್ತಲಲ್ಲಿ ಎತ್ತಿಗೆ ನೀರು ಕುಡಿಸುತ್ತಿದ್ದಾಗ ನಾನು ನೆಟ್ಟಗೆ ಚಪ್ಪರಕ್ಕೆ ಹೋಗಿ ಮಾವನ ಎದುರು ನಿಂತೆ. ಸೊಸೆ ಮಾವನ ಎದುರು ಹಾಗೆ ನಿಲ್ಲುವ ಕಾಲವಲ್ಲ ಅದು. ಸೆರಗು ಹೊದ್ದುಕೊಳ್ಳುವುದನ್ನೂ ಮರೆತಿದ್ದೆ.

"ಮಾವಾರ, ನಮ್ಮಣ್ಣ ಕೊಪ್ಪಳದ್ದು ಒಯ್ದಾನ. ಪಟ್ಟಿ ಇಲ್ರಿ."

ಅವರು ನನ್ನನ್ನು ನೋಡಿದರು. ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ, ತಾವೇ ಗಡಿಗೆಯಲ್ಲಿ ಕೈಯಾಡಿಸಿ, ಚೆನ್ನಾಗಿ ನೆನೆದ ಬೆಣೆಯೊಂದನ್ನು ಆರಿಸಿ ಅರಿವೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಒಂದು ಹಳೆಯ ಪಟ್ಟಿಯನ್ನೂ ಕೊಟ್ಟರು. ಅದು ಬೇರೆ ಯಾರದೋ ಸರದಿಗೆ ಇಟ್ಟದ್ದು. "ನಾ ಬಂದ್ರ ಊರಿಗೂರ ನೋಡತೈತಿ. ನಿಮ್ಮಣ್ಣನ ಕೈಯಾಗ ಇನ್ನೂ ಬಡಿಗತನ ಐತಿ, ತೋರ್ಸಿದ್ರ ಮಾಡ್ತಾನ. ಆಣಿ ಹಾಕಿಸ್ಕೊಂಡು ಕೊಡು" ಎಂದರು.

ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಆದರೂ ಕೇಳಿದೆ. "ಉಳದವ್ರದು, ಮಾವಾರ?"

"ಉಳದವ್ರು ನಿನ್ನ ತವರಿನವರೇನು?"

ಆ ಪ್ರಶ್ನೆಗೆ ನಾನು ಅಲ್ಲ ಎಂದು ತಲೆಯಾಡಿಸಿದೆ. ಅವರು ಕೇಳಿದ್ದೂ ಅಷ್ಟೇ, ನಾನು ಒಪ್ಪಿದ್ದೂ ಅಷ್ಟೇ.

ಕೊಟ್ಟಿಗೆಯಲ್ಲಿ ಅಣ್ಣನಿಗೆ ಎಲ್ಲ ತೋರಿಸಿದೆ. ತೂತು ಎಲ್ಲಿ ಕೊರೆಯಬೇಕು, ಬೆಣೆ ಯಾವ ಮಗ್ಗುಲಿನಿಂದ ಬಡಿಯಬೇಕು, ಪಟ್ಟಿ ಎಷ್ಟು ಕಾಯಬೇಕು. ಅವನ ಮುಖದ ಬಣ್ಣ ಇಳಿಯಿತು. ಇಷ್ಟು ದಿನ ತಾನು ಎಲ್ಲಿ ನಿಂತಿದ್ದೆ ಎಂಬುದು ಅವನಿಗೆ ಒಮ್ಮೆಲೇ ಗೊತ್ತಾಯಿತು. ಆಣೆ ಹಾಕಿದ. ಬಂಡಿ ಹತ್ತುವ ಮುಂಚೆ ತಿರುಗಿ ನಿಂತು, "ನಮ್ಮೂರಾಗ ಆ ಮೂರು ಮಂದಿ ಅದಾರಲ್ಲ ತಂಗೀ, ಅವರಿಗೆ ಕಿವಿಯಾಗರ ಹೇಳ್ಲೇನು? ಒಬ್ಬಾವ ನನ್ನ ಜೋಡಿ ಆಡಿ ಬೆಳದಾಂವ" ಎಂದ.

"ಬ್ಯಾಡ" ಎಂದೆ. "ಹೇಳಿದಿ ಅಂದ್ರ ನಾ ಸತ್ತೆ ಅಂತ ತಿಳಕೋ."

ಈ ಮಾತು ಆಡಿದ್ದು ಮಾವನಲ್ಲ, ನಾನು. ಅದನ್ನು ಮರೆತು ಹೇಳಿದರೆ ಈ ಬರವಣಿಗೆಗೆ ಅರ್ಥವಿಲ್ಲ.

ಆಮೇಲೆ ಕಾಯುವ ದಿನಗಳು ಶುರುವಾದವು. ದಸರೆ ಹೋಯಿತು, ದೀವಳಿಗೆ ಹೋಯಿತು, ಎಳ್ಳು ಅಮಾವಾಸ್ಯೆಗೆ ಹೊಲದಲ್ಲಿ ನೈವೇದ್ಯದ ಚರಗ ಚೆಲ್ಲಿ ಬಂದೆವು. ಎಣ್ಣೆಯ ಗಡಿಗೆಯನ್ನು ನಾನು ದಿನವೂ ಕಾಯಿಸುತ್ತಿದ್ದೆ. ಬೆಣೆಗಳು ಸಾಲಾಗಿ ತಯಾರಾಗಿ ಗೂಡಿನಲ್ಲಿ ಸೇರುತ್ತಿದ್ದವು. ಕಪಲಿ ಅಷ್ಟು ಬೇಗ ಹೋಗುತ್ತಿರಲಿಲ್ಲ, ಆದರೂ ಮಾವ ಬೆಣೆ ಕೆತ್ತುವುದನ್ನು ಹೆಚ್ಚಿಸಿದ್ದರು. ಯಾತಕ್ಕೆ ಎಂದು ಯಾರೂ ಕೇಳಲಿಲ್ಲ. ಸಂತೆಯಲ್ಲಿ ಒಬ್ಬಳು ಬದನೆಕಾಯಿ ಮಾರುವವಳು ತಮ್ಮ ಬಾವಿಗೂ ಒಂಟೆತ್ತಿನ ಕಪಲಿ ಬಂದದ್ದನ್ನು ಸಂಭ್ರಮದಿಂದ ಹೇಳಿದಳು. ನಾನು ಚೌಕಾಸಿ ಮಾಡದೆ ಬದನೆಕಾಯಿ ಕೊಂಡು ಬಂದುಬಿಟ್ಟೆ. ನನ್ನ ಗಂಡನ ಮುಂದೆ ಒಮ್ಮೆ ಬಾಯಿ ಬಿಟ್ಟೆ. "ನಿಮ್ಮಣ್ಣಂದು ಆತಲ್ಲ, ಇನ್ನೇನು?" ಎಂದರು. ಅವರು ಕೆಟ್ಟವರಲ್ಲ. ಅಪ್ಪನ ಎದುರು ಒಂದು ಸಲ ಕೇಳಿದ್ದರು, ಎರಡನೆಯ ಸಲ ಕೇಳುವಷ್ಟು ಗಟ್ಟಿಗರಲ್ಲ.

ಶಿವರಾತ್ರಿ ಮುಗಿಯಿತು. ಬಿಸಿಲು ಏರಿತು. ನಮ್ಮ ಮನೆಯ ಬಾಗಿಲ ಹಲಗೆಗಳೇ ಸೊರಗಿ ನಡುವೆ ಬೆಳಕು ಕಾಣತೊಡಗಿತು. ಹೋಗುವಾಗ ಬರುವಾಗ ಆ ಸಂದಿಗೆ ಬೆರಳಿಟ್ಟು ನೋಡುತ್ತಿದ್ದೆ. ಹೊರಗೆ ಬಂಡಿ ನಿಂತ ಸದ್ದಾದರೆ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯುತ್ತಿತ್ತು.

ಸುದ್ದಿ ಬಂದದ್ದು ಕುಷ್ಟಗಿಯ ಕಡೆಯಿಂದ, ಒಬ್ಬ ಬಳೆಗಾರನ ಬಾಯಲ್ಲಿ. ನನಗೆ ಬಳೆ ಇಡಿಸುತ್ತಾ ಹೇಳಿದ. "ಪಾಪ್ರೀ, ಹರೇದ ಮನಶಾ. ಚೀಲಾ ಎಳೀಲಿಕ್ಕೆ ಬಾಗ್ಯಾನ, ಗಾಲಿ ಬಿಟ್ಟೈತಿ. ಹಗ್ಗದ ಜೋಡಿ ಹ್ವಾದ. ಆವತ್ತು ಗೂಟ ಬಡದಿದ್ದಿಲ್ಲಂತ ನೋಡ್ರಿ." ನಾನು ಕೈ ಎಳೆದುಕೊಂಡೆ, ಒಂದು ಬಳೆ ಒಡೆಯಿತು. ಶುಭವಲ್ಲ ಎಂದು ಬಳೆಗಾರ ಎರಡು ಹೆಚ್ಚು ಇಟ್ಟು ಹೋದ.

ಮಾವನಿಗೆ ನಾನೇ ಹೇಳಿದೆ. ಅವರು ಕೈ ತೊಳೆದುಕೊಂಡು ಊಟಕ್ಕೆ ಕೂತವರು ಎದ್ದುಹೋದರು. ಆ ದಿನ ಬಾಚಿ ಮುಟ್ಟಲಿಲ್ಲ. ಮರುದಿನ ಮುಟ್ಟಿದರು.

ಒಂದು ವಾರದೊಳಗೆ ನಮ್ಮ ಅಂಗಳದಲ್ಲಿ ಬಂಡಿ ನಿಲ್ಲಿಸಲು ಜಾಗವಿರಲಿಲ್ಲ. ಇರಕಲ್ಲಗಡದ ಆ ಮೂವರೂ ಬಂದರು. ಗಂಗಾವತಿಯಿಂದಲೂ ಬಂದರು. ಕೊಪ್ಪಳದ ಬಡಿಗ ಊರು ಬಿಟ್ಟ ಎಂದು ಕೇಳಿದೆವು. ಪಟ್ಟಿಗೆ ಕಬ್ಬಿಣವನ್ನು ಬಂದವರೇ ಎಲ್ಲಿಂದಲೋ ಹುಡುಕಿ ತಂದು ಕೊಡುತ್ತಿದ್ದರು. ಗೂಡಿನ ಬೆಣೆಗಳು ಒಂದೆರಡು ವಾರದಲ್ಲಿ ಖಾಲಿಯಾದವು. ಆ ಯುಗಾದಿಗೆ ನನಗೆ ಇಳಕಲ್ಲಿನ ಸೀರೆ ಬಂತು. ಬೇಡ ಎನ್ನಲಿಲ್ಲ. ಉಟ್ಟೆ, ಚೆನ್ನಾಗಿದೆ ಎಂದೂ ಅಂದೆ.

ಸತ್ತವನ ಮನೆಯವರು ಬಂದದ್ದು ಅದಾದ ಮೇಲೆ. ಸತ್ತವನ ತಮ್ಮ ಬಂಡಿ ಹೊಡೆದುಕೊಂಡು ಬಂದಿದ್ದ, ಹಿಂದೆ ಒಂದನ್ನೊಂದು ಬಿಟ್ಟ ಆ ಕಪಲಿಯ ಗಾಲಿಗಳು. ಅವುಗಳ ಪಕ್ಕದಲ್ಲಿ ಒಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಸತ್ತವನ ಹೆಂಡತಿ. ನನಗಿಂತ ಚಿಕ್ಕವಳು. ಗಾಲಿಯ ಕಟ್ಟಿಗೆ ಹೊಸ ಕಪಲಿಗೆ ಬಂದೀತೇನೋ ನೋಡಿಸಲು ತಂದಿದ್ದರು. ಮೈದುನ ಅವಳ ಕಡೆ ಕೈ ತೋರಿಸಿ ಮಾವನಿಗೆ ಹೇಳಿದ. "ಈಕೀನ ನೋಡ್ರಿ, ಆವತ್ತು ಗೂಟ ಬಡಿಯೂದು ಮರತಾಕಿ." ಮಾವ ಗಾಲಿಯನ್ನು ಅತ್ತಿತ್ತ ತಿರುಗಿಸಿ ನೋಡಿದರು. ತಾವರೆಯ ಗೂಟ ಇದ್ದಲ್ಲೇ ಭದ್ರವಾಗಿತ್ತು. ಮೊಳೆಗಳೆಲ್ಲ ಕಿತ್ತುಬಂದಿದ್ದವು. ನೋಡುವ ಕಣ್ಣಿದ್ದರೆ ಅಷ್ಟು ಸಾಕು. ಮಾವ ಗಾಲಿ ಕೆಳಗಿಟ್ಟು ಹೊಸ ಕಪಲಿಯ ಮಾತು ತೆಗೆದರು.

ನಾನು ಅವಳನ್ನು ನೀರು ಕುಡಿಯಲು ಒಳಗೆ ಕರೆದೆ. ಬಿಸಿಲಲ್ಲಿ ಬಂದವಳು, ಕೂಸು ಬೇರೆ. ಅಡುಗೆಮನೆಯ ತಂಪಿನಲ್ಲಿ ಗೋಡೆಗೆ ಒರಗಿ ಕೂತಳು. ಎಣ್ಣೆಯ ಗಡಿಗೆ ಅವಳ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿತ್ತು. ತಂಬಿಗೆಯ ನೀರು ಅರ್ಧ ಕುಡಿದು, ಉಳಿದದ್ದರಲ್ಲಿ ಕೂಸಿನ ಮುಖ ಒರೆಸಿದಳು.

"ಯಕ್ಕಾ, ಒಂದು ಮಾತು ಕೇಳ್ಲೇನ್ರೀ? ಆವತ್ತು ಈ ಕೂಸಿಗೆ ಜ್ವರ ಇದ್ವು. ರಾತ್ರೆಲ್ಲಾ ಹೊತ್ಕೊಂಡು ಕುಂತಿದ್ದೆ. ಮುಂಜಾನಿ ಗೂಟ ಬಡಿಯೂದು ನೆಪ್ಪ ಹಾರಿಬಿಡ್ತು. ನಾನ ಕೊಂದೆ ಅಂತಾರ ಎಲ್ಲಾರೂ. ನಮ್ಮತ್ತಿ ನನ್ನ ಕೈಲೆ ನೀರ ಕುಡ್ಯಂಗಿಲ್ಲ. ನೀವು ಅದನ್ನ ಮಾಡೂ ಮನ್ಯಾಗಿನವ್ರು, ನಿಮಗ ಗೊತ್ತಿರತೈತಿ. ಬಡದಿದ್ರ ಅವ್ರು ಉಳೀತಿದ್ರೇನ್ರೀ?"

ಹೊರಗೆ ಮಾವ ಮತ್ತು ಅವಳ ಮೈದುನ ಮಾತಾಡುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಇಲ್ಲವ್ವಾ ಎಂದರೆ ಸಾಕಿತ್ತು. ಆ ಗೂಟ ಸುಳ್ಳು, ನೀನು ಮೂರಲ್ಲ ಮುನ್ನೂರು ಏಟು ಹಾಕಿದ್ದರೂ ಅದು ಬೀಳುವುದೇ ಇತ್ತು, ನಿನ್ನ ತಪ್ಪು ಎಳ್ಳಷ್ಟೂ ಇಲ್ಲ. ಹಾಗೆಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂಬುದು ಅವಳ ಮೊಣಕೈಯ ಪಕ್ಕದ ಗಡಿಗೆಯಲ್ಲಿದೆ. ಸಂಜೆಯೊಳಗೆ ಅದು ಕುಷ್ಟಗಿ ಮುಟ್ಟುತ್ತದೆ, ಅಂಗಳದ ಬಂಡಿಗಳು ತಿರುಗಿ ಹೋಗುತ್ತವೆ. ಅದನ್ನೂ ತಡೆದುಕೊಳ್ಳುತ್ತಿದ್ದೆನೇನೋ. ಆದರೆ ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತಿತ್ತು: ಗೊತ್ತಿದ್ದೂ ನೀವು ಯಾಕೆ ಸುಮ್ಮನಿದ್ದಿರಿ? ನನ್ನ ಬಾಯಿ ಕಟ್ಟಿದ್ದು ಅದು. ಮಾವನ ಭಯವಲ್ಲ, ಉಳಿಯ ಆಣೆಯೂ ಅಲ್ಲ.

"ಬಡೀಬೇಕಾಗಿತ್ತವ್ವಾ" ಎಂದೆ.

ಅವಳು ಅಳಲಿಲ್ಲ. ತಾನೂ ಹಾಗೆಯೇ ಅಂದುಕೊಂಡಿದ್ದೆ ಎನ್ನುವಂತೆ ತಲೆಯಾಡಿಸಿದಳು. ತಂಬಿಗೆ ತೊಳೆದು ಇಟ್ಟಳು, ಕೂಸನ್ನು ಸೊಂಟಕ್ಕೆ ಏರಿಸಿಕೊಂಡಳು. ಹೊಸ್ತಿಲ ಹತ್ತಿರ ಹೋದವಳು ತಿರುಗಿ ನಿಂತು, "ಹೊಸಾ ಕಪಲಿ ಬಂದ ಮ್ಯಾಲೆ ದಿನಾ ನಾನ ಬಡೀತೀನ್ರೀ ಯಕ್ಕಾ. ಇನ್ನ ಮರೆಯಂಗಿಲ್ಲ" ಎಂದಳು.

ನಾನು ಹೂಂ ಎಂದೆ.